ಚಿನ್ನ ಕೂರದ ಗೋಡೆ

ನನ್ನ ಗಂಡ ಮುಚ್ಚಿದ ಕೊನೆಯ ಅನುರಣಕ, ಅಂದರೆ ರೆಸೊನೇಟರ್, ಅವನು ತೀರಿಕೊಂಡ ಮೇಲೆ ಐದು ತಿಂಗಳು ನನ್ನ ಮೇಜಿನ ಖಾನೆಯಲ್ಲಿತ್ತು. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು. ಸಿಲಿಕಾನ್ ಬಿಲ್ಲೆಯಲ್ಲಿ ಕೊರೆದ ಗುಳಿ, ಗೋಡೆಗಳಿಗೆ ಚಿನ್ನದ ಲೇಪ, ಮೇಲೆ ಇನ್ನೊಂದು ಬಿಲ್ಲೆಯ ಮುಚ್ಚಳ. ಒಳಗೆ ಬಿಟ್ಟ ಮೈಕ್ರೋವೇವ್ ಅಲೆ ಗಂಟೆಯ ನಾದದ ಹಾಗೆ ಒಂದಿಷ್ಟು ಹೊತ್ತು ನಿಲ್ಲಬೇಕು. ಇದರಲ್ಲಿ ಅರ್ಧಕ್ಕೇ ಅಡಗುತ್ತಿತ್ತು.

"ವಿನ್ಯಾಸದ ದೋಷ ಅಂತ ಬರೆದು ಮುಗಿಸೋಣಮ್ಮ," ಎಂದರು ವಿಭಾಗದ ಮುಖ್ಯಸ್ಥರು. "ನಾಳೆ ವರದಿ ಹೋಗ್ಬೇಕು."

ವಿನ್ಯಾಸ ನನ್ನ ಗಂಡನದು. ಅವನ ಕೆಲಸಕ್ಕೆ ಇನ್ನು ಉಳಿಯುವ ಗುರುತು ಆ ವರದಿ ಒಂದೇ.

"ಕತ್ತರಿಸಿ ನೋಡ್ದೆ ಹೇಗೆ ಹೇಳ್ತೀರಿ ಸರ್?"

"ಕತ್ತರಿಸೋದು ಬೇಡ ಅಂದಿದ್ದು ನೀವೇ ಅಲ್ವಾ?"

ಹೌದು, ನಾನೇ. ಅನುರಣಕವನ್ನೆತ್ತಿಕೊಂಡು ಕೆಳಗಿನ ಕೋಣೆಗೆ ಹೋದೆ.

ಬಿಲ್ಲೆ ಕೊಯ್ಯುವ ಯಂತ್ರ ನೋಡಿಕೊಳ್ಳುವವರನ್ನು ಎಲ್ಲರೂ ಗರಗಸದಕ್ಕ ಎನ್ನುತ್ತಾರೆ. ವಜ್ರದ ಪುಡಿ ಕೂರಿಸಿದ ಆ ತೆಳು ಚಕ್ರ ತೋರಿಸಿ ಅವರು ಹೇಳುವುದು ಒಂದೇ ಮಾತು: "ಇದು ನಮ್ಮತ್ತೆ ಇದ್ದ ಹಾಗೆ. ಹಲ್ಲಿಲ್ಲ, ಆದ್ರೂ ಕತ್ತರಿಸುತ್ತೆ." ಅವನು ಪ್ರತಿ ಸಲವೂ ನಗುತ್ತಿದ್ದ. ಇವತ್ತು ಅಕ್ಕ ಅದನ್ನು ಹೇಳಲಿಲ್ಲ.

"ನೋಡ್ಕೊ ತಂಗಿ, ಇಳಿಸಿದ್ಮೇಲೆ ಮುಗೀತು. ಮತ್ತೆ ಜೋಡಿಸೋಕಾಗಲ್ಲ."

"ಇಳಿಸಿ ಅಕ್ಕ."

ನೀರು ಚಿಮ್ಮಿತು. ಎರಡು ನಿಮಿಷವೂ ಹಿಡಿಯಲಿಲ್ಲ.

ಎರಡು ಹೋಳನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆದೆ. ಗುಳಿಯ ಅಗಲ, ಆಳ ಎಲ್ಲವೂ ಅವನ ನಕ್ಷೆಯಲ್ಲಿದ್ದಂತೆಯೇ ಇದ್ದವು. ಮೂರು ಗೋಡೆ ಹಳದಿ. ನಾಲ್ಕನೆಯದರ ಬುಡದಲ್ಲಿ ಬೂದು ಬಣ್ಣದ ಬರಿಯ ಸಿಲಿಕಾನ್.

ಲೇಪನ ನನ್ನ ಕೆಲಸ. ಚಿನ್ನ ಒಂದು ದಿಕ್ಕಿನಿಂದ ಬಂದು ಬೀಳುತ್ತದೆ. ಬಿಲ್ಲೆ ತಿರುಗುತ್ತಿದ್ದರೆ ಮಾತ್ರ ಎಲ್ಲ ಗೋಡೆಗೂ ಕೂರುತ್ತದೆ. ನಿಂತರೆ ಒಂದು ಗೋಡೆ ನೆರಳಿಗೆ ಬೀಳುತ್ತದೆ. ಯಂತ್ರದ ದಿನಚರಿ ತೆಗೆದೆ. ಒತ್ತಡ, ಸಮಯ ಎಲ್ಲ ನನ್ನ ಅಕ್ಷರ. 'ತಿರುಗಣೆ' ಎಂಬ ಕಡೆ ಖಾಲಿ.

ಆ ದಿನ ನೆನಪಿದೆ. ಅವನು ಆಚೆಯ ಕೋಣೆಯಿಂದ ಗಾಜಿಗೆ ಮೂಗು ಒತ್ತಿ ನಿಂತಿದ್ದ. ಬಿಳಿ ಕುಲಾವಿಯಲ್ಲಿ ಚಪ್ಪಟೆ ಮೂಗು. ಗುಂಡಿ ಒತ್ತುವಾಗ ನಾನು ಅವನ ಕಡೆ ನೋಡುತ್ತಿದ್ದೆ.

ಅಕ್ಕ ನನ್ನ ಭುಜದ ಮೇಲಿಂದ ಇಣುಕಿದರು. "ಯಾರ ಕೈತಪ್ಪು?"

"ನಂದು."

ಅಕ್ಕ ಹೋಗಿ ಬಾಗಿಲು ಮುಂದೆ ಮಾಡಿದರು. "ಮುಂದಿನ ತಿಂಗಳು ನಿನ್ನ ಕೆಲ್ಸ ಖಾಯಂ ಆಗೋದಿದೆ. ಅತ್ತೆ ಮಾವನ್ನ ನೋಡ್ಕೊಳ್ಳೋಳು ನೀನೊಬ್ಳೇ. ಹೋದೋನು ಬಂದು ಜಗಳಕ್ಕೆ ನಿಲ್ತಾನಾ? ಸರ್ ಹೇಳಿದ್ ಹಾಗೇ ಬರ್ದುಬಿಡು."

"ಅವನ ಅಳತೆ ಸರಿ ಇದೆ ಅಕ್ಕ."

ಅವರು ಎರಡೂ ಹೋಳನ್ನು ಒರೆಸಿ ಡಬ್ಬಿಗೆ ಹಾಕಿಕೊಟ್ಟರು.

ವರದಿಯಲ್ಲಿ 'ವಿನ್ಯಾಸ' ಎಂದಿದ್ದುದನ್ನು ಹೊಡೆದುಹಾಕಿ 'ಲೇಪನ' ಎಂದು ಬರೆದೆ, ಪಕ್ಕದಲ್ಲಿ ನನ್ನ ಹೆಸರು. ಮುಖ್ಯಸ್ಥರು ಎರಡು ಸಲ ಓದಿ ಕನ್ನಡಕ ತೆಗೆದರು.

"ಇಷ್ಟು ವರ್ಷದಲ್ಲಿ ಒಂದ್ಸಲವೂ ಮರೆತವರಲ್ಲ ನೀವು. ಅವತ್ತು ಏನಾಗಿತ್ತು?"

"ನಗ್ತಾ ಇದ್ದೆ ಸರ್," ಎಂದೆ.