ಸೈರನ್ ಮೊಳಗಿತ್ತು

"ಸೈರನ್ ಮೊಳಗಿತ್ತಾ, ಇಲ್ಲವಾ? ಅಷ್ಟು ಹೇಳಿ ಸಾಕು ಸಾರ್," ಎಂದು ಬಾಬ್ಜಿ ತೆಲುಗಿನಲ್ಲಿ ಮತ್ತೆ ಕೇಳಿದ. ಪರವಾಡದ ಔಷಧ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ, ಯೂನಿಫಾರ್ಮಿನಲ್ಲೇ ಮಧುರವಾಡದ ಈ ಸಾಫ್ಟ್‌ವೇರ್ ಆಫೀಸಿಗೆ ಬಂದಿದ್ದ. ಕುರ್ಚಿಯ ತುದಿಯಲ್ಲಷ್ಟೇ ಕೂತಿದ್ದ.

ಅವನ ಜೊತೆಗಾರ ಲಿಂಗರಾಜು ಆಸ್ಪತ್ರೆಯಲ್ಲಿದ್ದ. ಔಷಧ ಕುದಿಸುವ ರಿಯಾಕ್ಟರ್ ಮಿತಿಮೀರಿ ಕಾದು, ಆವಿ ನುಗ್ಗಿ, ಎರಡೂ ಕಣ್ಣು ಸುಟ್ಟಿದ್ದವು. ಸೈರನ್ ಹೊಡೆದರೂ ಮಲಗಿದ್ದ ಎಂದು ಕಾರ್ಖಾನೆ ಅವನನ್ನೇ ಕೆಲಸದಿಂದ ತೆಗೆಯಹೊರಟಿತ್ತು. ಆ ಸೈರನ್ನಿನ ಪ್ರೋಗ್ರಾಂ ಈಗ ಬಾಬ್ಜಿಯ ಎದುರು ಕೂತಿದ್ದ ಗುರುದತ್ತನ ಟೀಮಿನದು.

ಏನಾಗಿತ್ತೆಂದು ಅವನ ಪಕ್ಕದಲ್ಲಿದ್ದ ಟೀಮಿನ ಹೊಸ ಹುಡುಗಿ ಹರಿಣಿಗೆ ಗೊತ್ತಿತ್ತು. ಸೆನ್ಸರಿನ ತಂತಿ ಕಿತ್ತು, ಶಾಖದ ಅಂಕಿಯ ಜಾಗದಲ್ಲಿ ನ್ಯಾನ್ ಬಂದಿತ್ತು, ಅಂದರೆ ಸಂಖ್ಯೆಯೇ ಅಲ್ಲದ್ದು. ಬಂದದ್ದು ನ್ಯಾನ್‌ಗೆ ಸಮವೇ ಎಂದು ಗುರುದತ್ತ ಬರೆದ ಪ್ರೋಗ್ರಾಂ ಸಾಲು ಕೇಳುತ್ತಿತ್ತು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ನ್ಯಾನ್ ಯಾವುದಕ್ಕೂ ಸಮವಲ್ಲ, ತನಗೂ ಅಲ್ಲ. ಮಿತಿಗಿಂತ ಹೆಚ್ಚೇ ಎಂದು ಕೇಳಿದರೂ ಅಲ್ಲವೆಂದೇ ಉತ್ತರ. ಸೈರನ್ ಮೊಳಗುವ ದಾರಿಯೇ ಇರಲಿಲ್ಲ.

ಇದನ್ನು ಈಸ್‌ನ್ಯಾನ್ ಎಂಬ ಬೇರೆ ಪರೀಕ್ಷೆ ಹಾಕಿ ಕೇಳಬೇಕು ಎಂದು ಅವಳು ಹಿಂದೆಯೇ ಮೀಟಿಂಗಿನಲ್ಲಿ ಹೇಳಿದ್ದಳು. "ತನಗ ತಾನ ಸಮ ಇಲ್ಲಂತ! ಏನವಾ, ನಿಮ್ಮ ಬೆಜವಾಡದಾಗ ಹಿಂಗ ಕಲಿಸ್ತಾರೇನು?" ಎಂದಿದ್ದ ಹುಬ್ಬಳ್ಳಿಯ ಗುರುದತ್ತ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು.

ಕನ್ನಡ ತಿಳಿಯದ ಹೊರಗಿನವರ ಎದುರು ಅವರಿಬ್ಬರೂ ಕನ್ನಡಕ್ಕೆ ಹೊರಳುವುದು ರೂಢಿ. ಸಾಮಾನ್ಯವಾಗಿ ಬಂದವರ ಹೊಟ್ಟೆಯ ಬಗ್ಗೆಯೋ ಟೈಯ ಬಗ್ಗೆಯೋ ತಮಾಷೆ ನಡೆಯುತ್ತಿತ್ತು. ಈಗಲೂ ಗುರುದತ್ತ ಬಾಬ್ಜಿಯನ್ನೇ ನೋಡುತ್ತ, ನಗುನಗುತ್ತ ಹೇಳಿದ: "ಹೊಡೀತು ಅಂತ ಹೇಳಿಬಿಡು. ನಾ ಹೇಳಿದ್ರ ಇಂವಾ ನಂಬವಲ್ಲ. ಹೆಣ್ಮಗಳು ಹೇಳಿದ್ರ ನಂಬ್ತಾನ."

ಬಾಬ್ಜಿಯೂ ಮರ್ಯಾದೆಗೆಂಬಂತೆ ನಕ್ಕ.

"ಅದು ಅಬದ್ಧಂ... ಸುಳ್ಳು ಅಲ್ವಾ ಸರ್?" ಬೆಜವಾಡದಲ್ಲಿ ಬೆಳೆದ ಹರಿಣಿಯ ಮನೆಗನ್ನಡ ತೆಲುಗು ಬೆರೆತು ತಡವರಿಸಿತು. "ಪಾಪಂ, ಅವರ ಕಣ್ಣು..."

"ಹೋದ ಕಣ್ಣು ಹೋತು. ನಿನ್ನ ಪ್ರೊಬೇಷನ್ ಪೇಪರ್‌ಗೆ ನಾ ಇನ್ನೂ ಸಹಿ ಹಾಕಿಲ್ಲ. ಬೆಜವಾಡದ ಭವಾನಿಪುರಂಗ ವಾಪಸ್ ಹೋಗಿ ನಿಮ್ಮಪ್ಪಗ ಏನ್ ಹೇಳ್ತಿ?"

"ಸಾರ್ ಏನಂತಾರಮ್ಮಾ?" ಬಾಬ್ಜಿ ಅವಳತ್ತ ತಿರುಗಿದ. "ಲಿಂಗರಾಜು ಹೆಂಡತಿ ದುರ್ಗಾಂಬ ಅನ್ನ ಮುಟ್ಟಿಲ್ಲ. ನನ್ನ ಗಂಡ ಡ್ಯೂಟಿಯಲ್ಲಿ ಮಲಗೋನಲ್ಲ, ಕಂಪ್ಯೂಟರಿನವರನ್ನೇ ಕೇಳಿಕೊಂಡು ಬಾ ಅಣ್ಣಾ ಅಂದಳು. ನೀವು ಏನು ಹೇಳಿದರೆ ಅದೇ ಅವಳಿಗೆ ಹೇಳ್ತೀನಿ."

ಹರಿಣಿ ಮೇಜಿನ ಅಂಚನ್ನು ನೋಡಿದಳು.

"ಮೋಗಿಂದಂಡಿ," ಎಂದಳು. ಮೊಳಗಿತ್ತು. ತೆಲುಗಿನಲ್ಲಿ ಅವಳ ನಾಲಿಗೆ ತಡವರಿಸಲಿಲ್ಲ.

ಬಾಬ್ಜಿ ಕುರ್ಚಿಯ ಬೆನ್ನಿಗೆ ಒರಗಿದ. "ಹಾಗಾದರೆ ಮಲಗಿದ್ದನೇ," ಎಂದ, ಯಾರಿಗೂ ಅಲ್ಲದಂತೆ. ಎದ್ದು ನಿಂತು ಅವಳೊಬ್ಬಳಿಗೇ ಕೈ ಮುಗಿದ. "ಮುಚ್ಚಿಡದೆ ಹೇಳಿದೆ ತಂಗೀ. ದೇವರು ನಿನ್ನ ಚೆನ್ನಾಗಿಟ್ಟಿರಲಿ."

ಬಾಗಿಲು ಮುಚ್ಚಿತು. "ಶಾಣ್ಯಾಕಿ!" ಗುರುದತ್ತ ಲ್ಯಾಪ್‌ಟಾಪ್ ತೆರೆದ. "ಆ ಸಾಲು ಇವತ್ತ ಬದಲಿಸಿಬಿಡು, ನೀ ಅಂದಂಗ."

ಗಾಜಿನ ಆಚೆ, ಲಿಫ್ಟಿನ ಬಳಿ, ಬಾಬ್ಜಿ ಫೋನು ಹಚ್ಚಿ, ದುರ್ಗಾಂಬಳಿಗೇ ಇರಬೇಕು, ಏನೋ ಎರಡು ಮಾತಾಡಿದ. ಆಮೇಲೆ ಫೋನನ್ನು ಕಿವಿಯಿಂದ ದೂರ ಹಿಡಿದ. ಲಿಫ್ಟ್ ಬಂತು, ತೆರೆಯಿತು, ಮುಚ್ಚಿಕೊಂಡು ಹೋಯಿತು. ಅವನು ಹಾಗೇ ತೋಳು ಚಾಚಿ ಹಿಡಿದೇ ನಿಂತಿದ್ದ. ಗಾಜು ದಪ್ಪನೆಯದು, ಈಚೆಗೆ ಏನೂ ಕೇಳಿಸಲಿಲ್ಲ.