ಕುರಿ ಕೊಬ್ಬಿನ ಮುಲಾಮು

ತಮ್ಮ ಕೊಟ್ಟ ಮುಲಾಮು ಮಗಳ ಮುಖಕ್ಕೆ ಅಷ್ಟು ಬೇಗ ಹಿಡಿಸಿದ್ದೇ ರಾಧಾಮಣಿಗೆ ಅನುಮಾನ ತಂದಿತು.

ಅಮೂಲ್ಯಳ ಚರ್ಮ ಹುಟ್ಟಿದಾಗಿನಿಂದಲೂ ಸೂಕ್ಷ್ಮ. ಸೋಪು ಬದಲಾದರೆ ಕೆನ್ನೆ ಕೆಂಪಾಗುತ್ತಿತ್ತು, ಬಿಸಿಲಿಗೆ ಉರಿಯುತ್ತಿತ್ತು. ಯಾರದೋ ಮದುವೆಯಲ್ಲಿ ಗೆಳತಿಯರ ಕ್ರೀಮು ಹಚ್ಚಿಕೊಂಡು ಬಂದರೆ ವಾರವಿಡೀ ತುರಿಕೆ. ಹಾರೋಹಳ್ಳಿಯಿಂದ ಕನಕಪುರದ ಕಾಲೇಜಿಗೆ ಹೋಗುವಾಗ ದುಪಟ್ಟಾವನ್ನು ಮೂಗಿನವರೆಗೆ ಎಳೆದುಕೊಂಡೇ ಬಸ್ಸು ಹತ್ತುವಳು.

ಒಂದು ಭಾನುವಾರ ಪ್ರಕಾಶ ಅಕ್ಕನ ಮನೆಗೆ ಊಟಕ್ಕೆ ಬಂದವನು ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ಅಮೂಲ್ಯಳ ಕೈಗಿಟ್ಟ. ಒಳಗೆ ಬೆಣ್ಣೆಯಂಥ ಬಿಳಿ ಮುಲಾಮು.

"ಏನ್ಲಾ ಇದು?" ಎಂದಳು ರಾಧಾಮಣಿ.

"ಕುರಿ ಕೊಬ್ಬು ಕಣಕ್ಕ. ಕರಗ್ಸಿ, ಸೋಸಿ, ಒಸಿ ಜೇನುಮೇಣ, ಒಸಿ ಕೊಬ್ರಿ ಎಣ್ಣೆ. ಅಷ್ಟೇಯ. ಕೆಮಿಕಲ್ ಅನ್ನೋದೇ ಇಲ್ಲ. ಬೆಂಗ್ಳೂರ್ನೋರು ಫೋನಲ್ಲಿ ನೋಡಿ ತರ್ಸ್ಕತಾವ್ರೆ."

"ಮುಖಕ್ಕೆ ಕೊಬ್ಬು ಬಳ್ಕೊಳಾದಾ?"

"ಬಳ್ಕಂಡ್ ನೋಡ್ಲಿ, ಆಮೇಲೆ ಮಾತಾಡು."

ಪ್ರಕಾಶ ಅವಳ ಕೈಯಲ್ಲಿ ಬೆಳೆದ ಹುಡುಗ. ತಾಯಿ ಹೋದಾಗ ಇನ್ನೂ ಚಡ್ಡಿ ಹಾಕುತ್ತಿದ್ದ. ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದ, ಬಿಟ್ಟ. ಅಣಬೆ ಬೆಳೆದ, ಅದನ್ನೂ ಬಿಟ್ಟ. ಏನಾದರೂ ಮುಚ್ಚಿಡುವಾಗ ಬೇಕಾದ್ದಕ್ಕಿಂತ ಹೆಚ್ಚು ನಗುವುದು ಅವನ ಅಭ್ಯಾಸ. ಆ ದಿನ ಊಟ ಮುಗಿಯುವವರೆಗೂ ನಗುತ್ತಲೇ ಇದ್ದ.

ವಾರ ತುಂಬುವ ಮೊದಲೇ ಅಮೂಲ್ಯಳ ಕೆನ್ನೆಯ ಒರಟು ಕಲೆಗಳು ಮಾಯವಾದವು. ಮುಖ ಬೆಳ್ಳಗೆ ಹೊಳೆಯಿತು. ದುಪಟ್ಟಾ ಹೆಗಲಿಗಿಳಿಯಿತು. ಹುಡುಗಿ ಕನ್ನಡಿಯ ಮುಂದೆ ನಿಂತು ಗುನುಗುವುದನ್ನು ಕೇಳಿ ಅಪ್ಪ ನಟರಾಜು ಫ್ಯಾಕ್ಟರಿಯಲ್ಲೆಲ್ಲ ಭಾಮೈದನ ಗುಣಗಾನ ಮಾಡಿ ಬಂದ. ಪಕ್ಕದ ಮನೆಯ ಸಿದ್ದಮ್ಮ ಮೊಮ್ಮಗುವಿನ ಕುತ್ತಿಗೆಯ ಗಂದೆಗೆ ಒಂದಿಷ್ಟು ಕೇಳಿದಳು. ಆ ಸಂತೋಷದಲ್ಲಿ ರಾಧಾಮಣಿಯೂ ಬೆರಳಲ್ಲಿ ತೆಗೆದು ಬಟ್ಟಲಿಗೆ ಹಾಕಿಕೊಟ್ಟಳು.

ಕೊಟ್ಟಾದ ಮೇಲೆ ಬೆರಳು ಮೂಸಿದಳು. ಕೊಬ್ಬಿನ ವಾಸನೆ ಇತ್ತು, ಅದರ ಅಡಿಯಲ್ಲಿ ಇನ್ನೇನೋ ಇತ್ತು. ಆಸ್ಪತ್ರೆಯ ವಾಸನೆಯೋ, ತನ್ನ ಭ್ರಮೆಯೋ ತಿಳಿಯಲಿಲ್ಲ.

ಕೈಗಾರಿಕಾ ಪ್ರದೇಶದ ಕೆಲಸಗಾರರಿಗೆ ಅವಳು ಮೆಸ್ ನಡೆಸುತ್ತಿದ್ದಳು. ಮಟನ್ ಸಾರು ತಣ್ಣಗಾದರೆ ಮೇಲೆ ಕಟ್ಟುವ ಪದರ ಹೇಗಿರುತ್ತದೆಂದು ಗೊತ್ತಿತ್ತು. ಮಟನ್ ಅಂಗಡಿಯಿಂದ ಕೊಬ್ಬು ತರಿಸಿ, ತಮ್ಮ ಹೇಳಿದಂತೆಯೇ ಕರಗಿಸಿ ಸೋಸಿ ಎಣ್ಣೆ, ಮೇಣ ಬೆರೆಸಿ ಇಟ್ಟಳು. ಅವಳದು ಗಟ್ಟಿಯಾಗಿ ಕುಳಿತಿತು. ಮನೆಯೆಲ್ಲ ಮಾಂಸದ ಕಮಟು. ತನ್ನ ಒಡೆದ ಹಿಮ್ಮಡಿಗೆ ಹಚ್ಚಿದಳು. ಮೆತ್ತಗಾಯಿತು, ಹಿತವೆನಿಸಿತು. ಆದರೆ ಬಿರುಕು ಬಿರುಕಾಗಿಯೇ ಉಳಿಯಿತು.

"ಅಮೂಲ್ಯ, ಒಸಿ ದಿನ ಅದ್ನ ಹಚ್ಬೇಡ ಕಣವ್ವ," ಎಂದಳು.

"ಯಾಕಮ್ಮ? ನನ್ ಮುಖ ಚೆನ್ನಾಗಾಗಿದ್ದು ನಿಂಗೆ ಇಷ್ಟ ಇಲ್ವಾ? ಮಾವ ಏನ್ ಮಾಡಿದ್ರೂ ನಿಂಗೆ ಡೌಟು."

ಒಡಹುಟ್ಟಿದವನನ್ನು ಕಳ್ಳನಂತೆ ನೋಡುತ್ತಿದ್ದೇನಲ್ಲ ಎಂದು ರಾಧಾಮಣಿಗೆ ತನ್ನ ಮೇಲೇ ಬೇಸರವಾಯಿತು. ಆದರೂ ಅವನು ಫೋನು ಮಾಡಿದಾಗಲೆಲ್ಲ, "ಬರೀ ಕೊಬ್ಬೇ ತಾನೇ?" ಎಂದು ಕೇಳದೆ ಇರಲಾಗಲಿಲ್ಲ. ಅವನು ಪ್ರತಿ ಸಲವೂ ನಕ್ಕ.

ಒಂದೆರಡು ತಿಂಗಳ ಮೇಲೆ ಗುಡೇಮಾರನಹಳ್ಳಿಯ ಗೆಳತಿಯ ಮನೆಗೆ ವಾರದ ಮಟ್ಟಿಗೆ ಹೋದ ಮಗಳು ಡಬ್ಬಿಯನ್ನು ಮನೆಯಲ್ಲೇ ಮರೆತಿದ್ದಳು. ತಿರುಗಿ ಬಂದಾಗ ರಾಧಾಮಣಿ ಅವಳ ದುಪಟ್ಟಾ ಸರಿಸಿ ನೋಡಿದಳು. ಮುಖವೆಲ್ಲ ಬೆಂಕಿಯ ಹತ್ತಿರ ಹಿಡಿದಂತೆ ಕೆಂಪು, ಸಣ್ಣ ಸಣ್ಣ ಗುಳ್ಳೆ. ಮೊದಲು ಕೆನ್ನೆಗಷ್ಟೇ ಇದ್ದದ್ದು ಈಗ ಹಣೆಗೂ ಗದ್ದಕ್ಕೂ ಹಬ್ಬಿತ್ತು. ನೀರು ತಾಕಿಸಿದರೂ ಹುಡುಗಿ ಅಳುತ್ತಿದ್ದಳು.

"ಡಬ್ಬಿ ಕೊಡಮ್ಮ, ಹಚ್ಕೊಂಡ್ರೆ ಕಮ್ಮಿ ಆಗುತ್ತೆ," ಎಂದು ಕೈಚಾಚಿದಳು.

ರಾಧಾಮಣಿ ಕೊಡಲಿಲ್ಲ. ಕೊಬ್ಬು ಹಚ್ಚುವುದು ಬಿಟ್ಟರೆ ಚರ್ಮ ಒಣಗೀತು, ಹೀಗೆ ಸುಡುತ್ತದೆಯೇ? ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡು ಮಗಳೊಂದಿಗೆ ಕನಕಪುರದ ಬಸ್ಸು ಹತ್ತಿದಳು.

ಚರ್ಮದ ಡಾಕ್ಟರು ಮುಖ ನೋಡಿ, ಮುಲಾಮು ನೋಡಿ, ಇದನ್ನು ಯಾರು ಕೊಟ್ಟರೆಂದು ಕೇಳಿದರು. "ಇದ್ರಲ್ಲಿ ಸ್ಟೆರಾಯ್ಡ್ ಬೆರೆತಿರೋ ಹಾಗಿದೆ. ಹಚ್ಚಿದಾಗ ಚೆನ್ನಾಗಿ ಕಾಣುತ್ತೆ. ಚರ್ಮ ತೆಳ್ಳಗಾಗುತ್ತೆ, ಬಿಟ್ರೆ ಹೀಗೆ ತಿರುಗಿಕೊಳ್ಳುತ್ತೆ. ವಾಸಿಯಾಗೋಕೆ ತಿಂಗಳುಗಳೇ ಹಿಡಿಯಬಹುದು," ಎಂದರು.

ಮಗಳನ್ನು ಬಸ್‌ಸ್ಟ್ಯಾಂಡಿನ ನೆರಳಲ್ಲಿ ಕೂರಿಸಿ, ರಾಧಾಮಣಿ ಅದೇ ಊರಿನಲ್ಲಿದ್ದ ತಮ್ಮನ ಬಾಡಿಗೆ ಕೋಣೆಗೆ ಹೋದಳು. ಮೊದಲೇ ಹೇಳಿರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಒಲೆಯ ಮೇಲೆ ಕೊಬ್ಬಿನ ಪಾತ್ರೆ ಇತ್ತು. ಪ್ರಕಾಶ ನೆಲದ ಮೇಲೆ ಕುಳಿತು ಏನನ್ನೋ ಬಟ್ಟಲಿಗೆ ಹಿಂಡುತ್ತಿದ್ದ. ಅಕ್ಕನನ್ನು ಕಂಡವನೇ ಪಕ್ಕದ ಪ್ಲಾಸ್ಟಿಕ್ ಕವರನ್ನು ಕಾಲಿನಿಂದ ಮಂಚದಡಿಗೆ ತಳ್ಳಿದ.

ಅವಳು ಬಗ್ಗಿ ಕವರು ಎಳೆದಳು. ಹೊಟ್ಟೆ ಸೀಳಿದ ಮುಲಾಮಿನ ಟ್ಯೂಬುಗಳು ನೆಲಕ್ಕೆ ಸುರಿದವು. ಎಲ್ಲ ಮೆಡಿಕಲ್ ಸ್ಟೋರಿನವೇ.

ಪ್ರಕಾಶ ಈಗ ನಗಲಿಲ್ಲ. "ಒಸಿ ಹಾಕ್ತೀನಿ ಕಣಕ್ಕ. ಬರೀ ಕೊಬ್ಬು ಕೊಟ್ರೆ ಜನಕ್ಕೆ ನಂಬ್ಕೆ ಬರಕಿಲ್ಲ. ಎರಡೇ ದಿನ್ದಲ್ಲಿ ಹೋಗ್ಬೇಕು ಅಂತಾರೆ."

"ಅಮೂಲ್ಯಂಗೂ ಇದ್ನೇ ಕೊಟ್ಯಾ?"

"ಇಲ್ಲ. ನಿನ್ನಾಣೆಗೂ ಇಲ್ಲ. ಅವ್ಳುದ್ರಲ್ಲಿ ಬರೀ ಕೊಬ್ಬು. ಅದೆಂಗ್ ಬೆರ್ತೋಯ್ತೋ ಗೊತ್ತಿಲ್ಲ."

ಆಣೆ ಕೇಳಿ ಅವಳ ಮೈ ಉರಿಯಿತು. ನಂಬಬೇಕೆಂಬ ಆಸೆಯೂ ಆಯಿತು. ಒಲೆ ಆರಿಸಿ ಅವನ ಫೋನನ್ನು ಅವನ ಕೈಗೇ ಇಟ್ಟಳು. "ತಗಂಡೋರ್ಗೆಲ್ಲ ಈಗ್ಲೇ ಹೇಳು. ನಾನ್ ಇಲ್ಲೇ ಕೂತಿರ್ತೀನಿ."

"ಮಾನ ಹೋಯ್ತದಕ್ಕ."

"ಹೋಗ್ಲಿ."

ಅವನು ಕೆಲವರಿಗೆ ಮಾಡಿದ, ಕೆಲವರು ಬೈದರು. ಆಮೇಲೆ ಫೋನು ಕೆಳಗಿಟ್ಟು ಗೋಡೆಗೆ ಮುಖ ಮಾಡಿಕೊಂಡ. ಉಳಿದವರಿಗೆ ಹೇಳಿದನೋ ಇಲ್ಲವೋ ಅವಳಿಗೆ ಇಂದಿಗೂ ತಿಳಿಯದು.

ಊರಿಗೆ ಬಂದವಳೇ ಸಿದ್ದಮ್ಮನ ಮನೆಗೆ ಹೋಗಿ ಬಟ್ಟಲು ವಾಪಸು ಕೇಳಿದಳು, ಕಾರಣವನ್ನೂ ಹೇಳಿದಳು. ಸಿದ್ದಮ್ಮ ಬಟ್ಟಲು ಕೊಟ್ಟಳು, ಮಾತು ಬಿಟ್ಟಳು. ಮಗುವಿಗೆ ಹೆಚ್ಚಿನ ತೊಂದರೆಯಾಗಲಿಲ್ಲವೆಂದು ಬೇರೆಯವರಿಂದ ತಿಳಿಯಿತು.

ಪ್ರಕಾಶ ಮತ್ತೆ ಬಂದದ್ದು ಗೌರಿಹಬ್ಬಕ್ಕೆ, ಅಕ್ಕನಿಗೆ ಬಾಗಿನ ಹಿಡಿದುಕೊಂಡು. ನಟರಾಜು ಅವನನ್ನು ಕಂಡವನೇ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಮೊರದ ಬಾಗಿನ ನೆಲಕ್ಕಿಟ್ಟು ಪ್ರಕಾಶ, "ಆ ಕೆಲ್ಸ ಬುಟ್ಬುಟ್ಟೆ ಕಣಕ್ಕ. ಫ್ಯಾಕ್ಟ್ರಿಗೆ ಸೇರ್ಕಂಡಿವ್ನಿ," ಎಂದ. ರಾಧಾಮಣಿ ಅವನ ಕಣ್ಣನ್ನೇ ನೋಡಿದಳು. ಏನೂ ಗೊತ್ತಾಗಲಿಲ್ಲ. ಎಲೆ ಹಾಕಿದಳು.

ಅಮೂಲ್ಯ ಕೋಣೆಯಿಂದ ಬಂದಳು. ಮುಖದ ಉರಿ ಇಳಿದಿದ್ದರೂ ಕೆಂಪು ಹೋಗಿರಲಿಲ್ಲ. ಮಾವನ ಎದುರು ನಿಂತು ಮೆಲ್ಲಗೆ ಕೇಳಿದಳು: "ನನ್ ಡಬ್ಬಿಗೆ ಹಾಕೋವಾಗ ನಿಂಗೆ ಗೊತ್ತಿತ್ತಾ ಮಾವ?"

ಪ್ರಕಾಶ ಅಕ್ಕನ ಕಡೆ ನೋಡಿದ, ಎಲೆಯ ಕಡೆ ನೋಡಿದ. "ಗೊತ್ತಿತ್ತು," ಎಂದ. "ನೀನು ಬೇಗ ಚೆನ್ನಾಗ್ ಕಾಣ್ಲಿ ಅಂತ ಒಸಿ ಜಾಸ್ತೀನೇ ಹಾಕ್ದೆ."

ಹುಡುಗಿ ಒಳಗೆ ಹೋದಳು. ರಾಧಾಮಣಿ ಒಬ್ಬಟ್ಟಿನ ತಟ್ಟೆ ಹಿಡಿದು ಒಂದು ಗಳಿಗೆ ನಿಂತಳು. ಅವನು ಬಂದಾಗಿನಿಂದ ಆಡಿದ್ದರಲ್ಲಿ ಅವಳು ಪೂರ್ತಿ ನಂಬಿದ್ದು ಆ ಒಂದೇ ಮಾತು. ಬಗ್ಗಿ ಅವನ ಎಲೆಗೆ ಒಬ್ಬಟ್ಟು ಹಾಕಿದಳು.