ತೆರದ ಐತಿ ಬಾರವ್ವಾ

ಸುರೇಖಾಳಿಗೆ ಅಳು ಬರಲೇ ಇಲ್ಲ. ಗಂಗಾವತಿಯಲ್ಲಿ ರಫೀ ನಡೆಸುವ ಸಣ್ಣ ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದ ಅವಳು, ಹಾಡಿನ ಒಂದು ಸಾಲಿಗೆ ಬಂದ ಕೂಡಲೇ ಕಿಸಕ್ಕನೆ ನಕ್ಕುಬಿಡುತ್ತಿದ್ದಳು.

ಗಂಡನ ಊರು ಮರಳಿಯ ಗದ್ದೆಯಲ್ಲಿ ಭತ್ತ ನಾಟಿ ಮಾಡುತ್ತ ಅವಳು ಹಾಡಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟಿದ್ದರು. ಅದನ್ನು ಕೇಳಿದ ರಫೀ ಮನೆಗೇ ಬಂದು, ತವರಿಗೆ ಹೋಗುವ ಹಾಡುಗಳದೇ ಒಂದು ಆಲ್ಬಂ ಮಾಡೋಣವೆಂದು ಅವಳನ್ನೂ ಅವಳ ಅತ್ತೆ ಉಡಚಮ್ಮನನ್ನೂ ಒಪ್ಪಿಸಿದ್ದ. ಹೊರಡುವ ಹಾಡು, ದಾರಿಯ ಹಾಡು, ಅವ್ವನನ್ನು ನೆನೆಯುವ ಹಾಡು ಎಲ್ಲ ಸಲೀಸಾಗಿ ಮುಗಿದಿದ್ದವು. ಉಳಿದದ್ದು ತವರು ಮುಟ್ಟುವ ಹಾಡು: ‘ಬಾಗಿಲ ತೆಗೆಯೋ ಅಣ್ಣಯ್ಯ, ಬಂದೇನಿ ನಿನ ತಂಗಿ.’

“ಅಕ್ಕಾರ, ಕೇಳಿದವ್ರ ಕಣ್ಣಾಗ ನೀರು ಬರಬೇಕ್ರಿ. ನೀವ ನಗಾಕತ್ತೀರಿ,” ಎಂದ ರಫೀ.

“ಏನ್ ಮಾಡ್ಲಿ ತಮ್ಮಾ? ತವರು ಬೇವೂರ ನೆನಪಾತಂದ್ರ ನಂಗ ನಗೀನ ಬರತೈತಿ. ನಮ್ಮಣ್ಣ ಹಂಗದಾನ.”

ಜೊತೆಗೆ ಬಂದು ಮೂಲೆಯಲ್ಲಿ ಕುಳಿತಿದ್ದ ಉಡಚಮ್ಮ ಎದ್ದು ಸೊಸೆಯ ತೋಳು ಚಿವುಟಿದಳು. ಸುರೇಖಾ “ಯವ್ವಾ!” ಎಂದು ಚೀರಿ ಇನ್ನೂ ಜೋರಾಗಿ ನಕ್ಕಳು. ಅದನ್ನು ನೋಡಿ ಅತ್ತೆಗೂ ನಗು ಬಂತು.

“ಹೊಲ, ಮನಿ ಅಂತ ಅಕಿ ತವರಮನಿಗೆ ಹೋಗಿ ಭಾಳ ದಿನ ಆತು,” ಎಂದಳು ಉಡಚಮ್ಮ. “ಇಲ್ಲೆ ಗ್ವಾಡಿ ಮುಂದ ನಿಂತು ಬಾಗಿಲ ತೆಗಿ ಅಂದ್ರ ಹೆಂಗ? ಬೇವೂರಿಗೇ ಹೋಗಿ ಹಾಡ್ಲಿ. ನಿನ್ನ ಪೆಟ್ಟಿಗಿ ತೊಗೊಂಡ ನಡಿ.”

ರಫೀ ಗೋಡೆಯನ್ನು ನೋಡಿದ, ತನ್ನ ಯಂತ್ರಗಳನ್ನು ನೋಡಿದ, ಆಮೇಲೆ ವ್ಯಾನಿನ ಕೀಲಿ ಹುಡುಕತೊಡಗಿದ. ಸುರೇಖಾ ಗಂಡನಿಗೆ ಫೋನ್ ಹಚ್ಚಿದಳು. “ನನ್ನ ಊಟ?” ಎಂದು ಅವನು ಕೇಳಿದ. “ಅಕ್ಕಿ ಡಬ್ಬ್ಯಾಗ ಐತಿ,” ಎಂದು ಫೋನ್ ಇಟ್ಟಳು.

ಗದ್ದೆಗಳು ಹಿಂದುಳಿದವು. ಕೊಪ್ಪಳ ದಾಟಿ ಸಜ್ಜೆಯ ಹೊಲಗಳು ಕಾಣತೊಡಗಿದಾಗ ಸುರೇಖಾ ಕಿಟಕಿಯಿಂದ ತಲೆ ಹೊರಹಾಕಿ, ಗುರುತಿದ್ದವರಿಗೂ ಇಲ್ಲದವರಿಗೂ ಕೈ ಬೀಸಿದಳು.

ಬೇವೂರಿನಲ್ಲಿ ಅಣ್ಣ ಆದೆಪ್ಪನಿಗೆ ಏನೂ ಗೊತ್ತಿರಲಿಲ್ಲ. ರಫೀ ಓಣಿಯ ತಿರುವಿನಲ್ಲೇ ವ್ಯಾನ್ ನಿಲ್ಲಿಸಿದ. ಎಲ್ಲರೂ ಸದ್ದಿಲ್ಲದೆ ನಡೆದು ಹೋಗಿ ಮನೆಯ ಬಾಗಿಲ ಪಕ್ಕ ನಿಂತರು. ರಫೀ ಮೈಕ್ ಎತ್ತಿ ಹಿಡಿದ. ಸುರೇಖಾ ಶುರು ಮಾಡಿದಳು: “ಬಾಗಿಲ ತೆಗೆಯೋ ಅಣ್ಣಯ್ಯ...”

“ಯಾರದು? ಬಾಗಿಲ ತೆರದ ಐತಿ, ಬಾರವ್ವಾ!” ಎಂದು ಊಟಕ್ಕೆ ಕುಳಿತಿದ್ದ ಆದೆಪ್ಪ ಒಳಗಿನಿಂದಲೇ ಗುಡುಗಿದ.

ಸುರೇಖಾ ನಿಲ್ಲಿಸಲಿಲ್ಲ. “ಬಂದೇನಿ ನಿನ ತಂಗಿ” ಎನ್ನುವಷ್ಟರಲ್ಲಿ ಆದೆಪ್ಪ ರೊಟ್ಟಿ ಹಿಡಿದ ಕೈಯಲ್ಲೇ ಹೊರಗೆ ಬಂದ. “ಏ ಲಲಿತಾ! ಸುರೇಖಾ ಬಂದಾಳ! ಹಾಡಕೋತ ಬಂದಾಳ!” ಎಂದು ಹೆಂಡತಿಯನ್ನು ಕೂಗಿದ. ಸಂತೋಷಕ್ಕೆ ಯಾರನ್ನು ಅಪ್ಪಿಕೊಳ್ಳಬೇಕೆಂದು ತಿಳಿಯದೆ ರಫೀಯನ್ನೇ ಅಪ್ಪಿಕೊಂಡ. ಆಗ ಸುರೇಖಾಳಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು.

“ಅಣ್ಣಾರ, ಇನ್ನೊಮ್ಮೆ ಹಾಡಿಸ್ತೀನಿ. ನೀವು ಒಳಗ ಸುಮ್ನ ಕುಂದರ್ರಿ,” ಎಂದ ರಫೀ.

ಆದೆಪ್ಪ ಒಪ್ಪಿ ಬಾಯಿಗೆ ಟವೆಲ್ ಒತ್ತಿಕೊಂಡು ಕುಳಿತ. ತಂಗಿ ಮೊದಲ ಸಾಲು ಮುಗಿಸಿದಳು. ಟವೆಲ್ ಸರಿಯಿತು. “ತೆರದ ಐತಿ, ಬಾರವ್ವಾ!”

“ಅಣ್ಣಾರ!”

“ತಂಗಿ ಬಾಗಿಲದಾಗ ನಿಂತು ಕೇಳಾಕತ್ತಾಳ. ಸುಮ್ನ ಹೆಂಗ ಕುಂದರ್ಲೋ?”

ಸೋತ ರಫೀ ಮೊದಲು ಹಿಡಿದದ್ದನ್ನೇ ಉಳಿಸಿಕೊಂಡ.

ಮರುದಿನ ಬೆಳಿಗ್ಗೆ ಹೊರಟಾಗ ಉಡಚಮ್ಮ ಮುಂದಿನ ಸೀಟಿನಲ್ಲಿ ಕುಳಿತಳು. ಗಂಗಾವತಿ ಹತ್ತಿರವಾಗುತ್ತಿದ್ದಂತೆ, “ತಮ್ಮಾ, ಗಾಡಿ ಸಾಣಾಪುರಕ್ಕ ಹೊಡಿ,” ಎಂದಳು.

ಸಾಣಾಪುರ ಅವಳ ತವರು. ಅಪ್ಪ ಅವ್ವ ತೀರಿದ ಮೇಲೆ ಅವಳು ಅತ್ತ ಹೋಗಿರಲಿಲ್ಲ. ತಮ್ಮ ಹುಲಗಪ್ಪ ಆ ಮನೆಯ ಕೋಣೆಗಳನ್ನು ಈಗ ಪ್ರವಾಸಿಗರಿಗೆ ಬಾಡಿಗೆ ಕೊಡುತ್ತಿದ್ದ. ಬಾಗಿಲಲ್ಲಿ ಚಾಪೆ ಹಾಸಿಕೊಂಡು ಯೋಗ ಮಾಡುತ್ತಿದ್ದ ವಿದೇಶಿ ಹೆಂಗಸೊಬ್ಬಳು ಉಡಚಮ್ಮನಿಗೆ ಕೈ ಮುಗಿದಳು.

“ಸ್ವಲ್ಪ ಸರಿಯವ್ವಾ, ಇದು ನಮ್ಮಪ್ಪನ ಮನಿ,” ಎಂದಳು ಉಡಚಮ್ಮ.

ಒಗೆದ ಚಾದರಗಳನ್ನು ಹೊತ್ತು ಬರುತ್ತಿದ್ದ ಹುಲಗಪ್ಪ ಅವಳನ್ನು ಕಂಡವನೇ “ಅಕ್ಕಾ!” ಎಂದು ಎಲ್ಲವನ್ನೂ ಮಣ್ಣಿಗೆ ಕೆಡವಿದ.

“ಹಚ್ಚು ನಿನ್ನ ಪೆಟ್ಟಿಗಿ,” ಎಂದು ಉಡಚಮ್ಮ ರಫೀಗೆ ಹೇಳಿ, ಎಂದೂ ನಾಲ್ಕು ಜನರೆದುರು ಹಾಡದವಳು ದನಿಯೆತ್ತಿ ಹಾಡಿದಳು. ಸ್ವರ ಎತ್ತಲೋ ಹೋಯಿತು. ವಿದೇಶಿ ಹೆಂಗಸು ತಾಳವಿಲ್ಲದೆ ಚಪ್ಪಾಳೆ ತಟ್ಟಿದಳು. ಹುಲಗಪ್ಪ ಕಣ್ಣೊರೆಸಿಕೊಳ್ಳುತ್ತ ಕುಣಿದ.

ಆ ಹಾಡನ್ನೂ ರಫೀ ಆಲ್ಬಮ್ಮಿಗೆ ಸೇರಿಸಿದ. ಯಲಬುರ್ಗಾದ ಟ್ರ್ಯಾಕ್ಟರುಗಳಲ್ಲಿ, ಕುಷ್ಟಗಿಯ ಟಂಟಂ ಆಟೋಗಳಲ್ಲಿ ಇವತ್ತಿಗೂ ಜನ ಅದನ್ನು ಹಚ್ಚಿ ನಗುತ್ತಾರೆ. ಅತ್ತೆ ಹಾಡಿದ ದಿನವೇ ಸುರೇಖಾ ಮರಳಿಗೆ ಹಿಂತಿರುಗಿದಳು. ಉಡಚಮ್ಮ ಮಾತ್ರ ದೀಪಾವಳಿ ಮುಗಿಯುವ ತನಕ ಸಾಣಾಪುರ ಬಿಡಲಿಲ್ಲ.